ಚಂದ್ರನ ಕಕ್ಷೆಯ ಗೇಟ್‌ವೇ, ಭಾರತದ ನಿಲ್ದಾಣ

ಚಂದ್ರನ ಕಕ್ಷೆಯಲ್ಲಿ ಗಗನಯಾತ್ರಿಗಳು ತಂಗಲು ನಾಸಾ ರೂಪಿಸಿದ ಪುಟ್ಟ ನಿಲ್ದಾಣದ ಯೋಜನೆ ‘ಗೇಟ್‌ವೇ’. ಯುರೋಪ್, ಜಪಾನ್, ಕೆನಡಾ, ಯುಎಇ ಇದಕ್ಕೆ ಕೈಜೋಡಿಸಿದವು.

ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿಗಳು ಗಟ್ಟಿ ಮಾಡಿಕೊಳ್ಳಬೇಕಾದ್ದು ಇದರ ಕಕ್ಷೆ. ಚಂದ್ರಯಾನ-2ರ ಆರ್ಬಿಟರ್ ಸುತ್ತುವುದು ಸುಮಾರು 100 ಕಿ.ಮೀ. ಎತ್ತರದಲ್ಲಿ. ಗೇಟ್‌ವೇಗೆ ಆರಿಸಿದ್ದು ಬಲು ಉದ್ದನೆಯ ಪಥ: ಚಂದ್ರನಿಂದ ಹತ್ತಿರದ ತುದಿ ಸುಮಾರು 3,000 ಕಿ.ಮೀ., ದೂರದ ತುದಿ 70,000 ಕಿ.ಮೀ. ಒಂದು ಸುತ್ತಿಗೆ ಸುಮಾರು ಆರೂವರೆ ದಿನ. ಭೂಮಿ, ಚಂದ್ರ ಎರಡರ ಗುರುತ್ವವೂ ನೆರವಾಗುವುದರಿಂದ ಇಲ್ಲಿ ಇಂಧನ ಕಡಿಮೆ ಸಾಕು. ಭೂಮಿಯೊಂದಿಗಿನ ಸಂಪರ್ಕವೂ ತಪ್ಪುವುದಿಲ್ಲ. 2022ರ ನವೆಂಬರ್‌ನಲ್ಲಿ ಸುಮಾರು 25 ಕೆ.ಜಿ. ತೂಕದ, ನಾಸಾದ ಕ್ಯಾಪ್‌ಸ್ಟೋನ್ ನೌಕೆ ಪರೀಕ್ಷೆಗಾಗಿ ಇದೇ ಕಕ್ಷೆ ಸೇರಿತು.

2025ರಲ್ಲಿ ಅಮೆರಿಕದ ಆಡಳಿತ ಯೋಜನೆ ಕೈಬಿಡಲು ಪ್ರಸ್ತಾಪಿಸಿತು. ಆದರೆ ಅಲ್ಲಿನ ಸಂಸತ್ತು ಅದೇ ವರ್ಷ ಇದಕ್ಕೆ 260 ಕೋಟಿ ಡಾಲರ್ ಒದಗಿಸಿತು.

ಭಾರತ 2023ರ ಜೂನ್‌ನಲ್ಲಿ ಬಾಹ್ಯಾಕಾಶ ಸಹಕಾರಕ್ಕಾಗಿ ಅಮೆರಿಕ ನೇತೃತ್ವದ ಆರ್ಟೆಮಿಸ್ ಒಪ್ಪಂದಕ್ಕೆ ಸಹಿ ಹಾಕಿದರೂ ಗೇಟ್‌ವೇ ಪಾಲುದಾರನಲ್ಲ. ನಮ್ಮ ‘ಭಾರತೀಯ ಅಂತರಿಕ್ಷ ನಿಲ್ದಾಣ’ ಭೂಕಕ್ಷೆಯದು: ಮೊದಲ ಘಟಕಕ್ಕೆ 2028, ಪೂರ್ಣ ನಿಲ್ದಾಣಕ್ಕೆ 2035ರ ಗುರಿ. ಮಾನವಯಾನದ ಹೊಣೆ 2019ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಸ್ರೊ ಕೇಂದ್ರದ್ದು. ಚಂದ್ರನತ್ತ ಹೋದ ನೌಕೆಗಳ ಸಂಕೇತ ಹಿಡಿಯಲು ಬೆಂಗಳೂರು ಬಳಿಯ ಬ್ಯಾಲಾಳುವಿನಲ್ಲಿ 32 ಮೀಟರ್ ಅಗಲದ ಆಂಟೆನಾ ಚಂದ್ರಯಾನ-1ರ ಕಾಲದಿಂದಲೂ ಇದೆ.