ಮರಳಿನ ದಾರಿಯೂ ಚಕ್ರದ ಗಾಳಿಯೂ

ಛಂದಸ್ಸು ಅಲಂಕಾರಗಳನ್ನು ಬೋಧಿಸುವವನು ಟೈರಿಗೆ ಗಾಳಿ ತುಂಬುವ ವಿಷಯವಾಗಿ ಬರೆಯಲು ಹೊರಟಿರುವುದನ್ನು ಕಂಡು ವಾಚಕರು ನಗಬಹುದು. ನಗಲಿ. ಎರಡು ವರ್ಷಗಳ ಹಿಂದೆ ಫಾಲ್ಗುಣ ಮಾಸದಲ್ಲಿ, ಜ್ವರದಿಂದ ನರಳುತ್ತಿದ್ದ ನಮ್ಮ ವಿದ್ಯಾರ್ಥಿಯೊಬ್ಬನನ್ನು ಹಗರಿಯ ಆಚೆದಡದ ಹಳ್ಳಿಯಿಂದ ಆಸ್ಪತ್ರೆಗೆ ಕರೆತರುತ್ತಿದ್ದಾಗ, ಶಾಲೆಯ ಜೀಪು ನಡುಹೊಳೆಯ ಒಣಮರಳಿನಲ್ಲಿ ಹೂತುಹೋಯಿತು. ಚಾಲಕನು ಅನುಭವಸ್ಥನು, ನಾಲ್ಕು ಚಕ್ರಗಳ ಗಾಳಿಯನ್ನೂ ಅರ್ಧಕ್ಕೆ ಇಳಿಸಿದನು, ಜೀಪು ಸಲೀಸಾಗಿ ಎದ್ದು ಬಂದಿತು. ಆದರೆ ದಡ ಸೇರಿದ ಮೇಲೆ ಇಳಿಸಿದ ಗಾಳಿಯನ್ನು ಮತ್ತೆ ತುಂಬುವ ಸಾಧನ ನಮ್ಮ ಬಳಿ ಇರಲಿಲ್ಲ. ಪಂಕ್ಚರ್ ಅಂಗಡಿ 14 ಕಿಲೋಮೀಟರು ದೂರ. ರೋಗಿಯ ಅವಸರದಿಂದ ಹಾಗೆಯೇ ಡಾಂಬರು ರಸ್ತೆಯಲ್ಲಿ ವೇಗವಾಗಿ ಸಾಗಿದೆವು. ಒಂದು ತಿರುವಿನಲ್ಲಿ ಮುಂದಿನ ಎಡಚಕ್ರದ ಟೈರು ರಿಮ್ಮನ್ನು ಬಿಟ್ಟು ಜಾರಿತು. ಜೀಪು ಮಗುಚದೆ ಉಳಿದುದು ನಮ್ಮ ಪುಣ್ಯ. ಬಾಲಕನನ್ನು ಆಸ್ಪತ್ರೆಗೆ ಮುಟ್ಟಿಸಿದುದು ಹಿಂದೆ ಬಂದ ಒಂದು ಟ್ರ್ಯಾಕ್ಟರು. ಅವನು ಗುಣಮುಖನಾಗಿ ಈಗ ಹತ್ತನೆಯ ತರಗತಿಯಲ್ಲಿ ಓದುತ್ತಿದ್ದಾನೆ. ಅಂದಿನಿಂದ ವಿಜ್ಞಾನದ ಶಿಕ್ಷಕರಲ್ಲಿಯೂ, ಗ್ಯಾರೇಜು ನಡೆಸುತ್ತಿರುವ ನನ್ನ ಹಳೆಯ ಶಿಷ್ಯನಲ್ಲಿಯೂ ಕೇಳಿ ತಿಳಿದುದನ್ನು ಇಲ್ಲಿ ನಿವೇದಿಸುತ್ತೇನೆ.

ಗಾಳಿ ಇಳಿಸಿದರೆ ಜೀಪು ಮರಳಿನಿಂದ ಏಳುವುದೇಕೆ? ಎತ್ತಿನ ಗೊರಸು ಮರಳಿನಲ್ಲಿ ಇಳಿಯುತ್ತದೆ, ಒಂಟೆಯ ಅಗಲವಾದ ಪಾದ ಇಳಿಯುವುದಿಲ್ಲ. ಗ್ಯಾರೇಜಿನವರು ‘ಮೂವತ್ತು ಗಾಳಿ’ ಎನ್ನುವುದು ಚದರ ಅಂಗುಲಕ್ಕೆ 30 ಪೌಂಡು, ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 2.1 ಕಿಲೋಗ್ರಾಂ ಒತ್ತಡ. 1800 ಕಿಲೋಗ್ರಾಂ ತೂಗುವ ವಾಹನದ ಒಂದೊಂದು ಚಕ್ರದ ಪಾಲಿಗೆ 450 ಕಿಲೋಗ್ರಾಂ ಬಂದರೆ, ಅದು ನೆಲವನ್ನು ಮುಟ್ಟುವ ಜಾಗ ಸುಮಾರು 214 ಚದರ ಸೆಂಟಿಮೀಟರು. ಒತ್ತಡವನ್ನು ಅರ್ಧಮಾಡಿದರೆ ಆ ಜಾಗ ಇಮ್ಮಡಿಯಾಗುತ್ತದೆ. ಟೈರಿನ ಪಕ್ಕದ ಗೋಡೆಯೂ ಕೊಂಚ ಭಾರ ಹೊರುವುದರಿಂದ ಇದು ಸ್ಥೂಲವಾದ ಲೆಕ್ಕ, ತತ್ತ್ವ ಇಷ್ಟೇ. ಆದರೆ ಅದೇ ಮೆತ್ತನೆಯ ಟೈರು ಗಟ್ಟಿ ರಸ್ತೆಯಲ್ಲಿ ವೇಗವಾಗಿ ಓಡಿದರೆ ಪ್ರತಿ ಸುತ್ತಿಗೂ ಮಡಿಸಿ ಬಿಚ್ಚಿ ಕಾಯುತ್ತದೆ, ತಿರುವಿನಲ್ಲಿ ರಿಮ್ಮಿನಿಂದ ಕಳಚುತ್ತದೆ. ಆದುದರಿಂದ ತುಂಬುವ ಸಾಧನವಿಲ್ಲದೆ ಗಾಳಿ ಇಳಿಸುವುದು ಅರ್ಧವಿದ್ಯೆ.

ಗಾಳಿ ತುಂಬಿದ ಚಕ್ರಕ್ಕೆ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬಾತನು 1845ರಲ್ಲಿಯೇ ಹಕ್ಕುಪತ್ರ ಪಡೆದಿದ್ದನು. ಅದು ಬಳಕೆಗೆ ಬಂದುದು 1888ರಲ್ಲಿ ಡನ್‌ಲಪ್ ಅದನ್ನು ಮತ್ತೆ ಕಂಡುಹಿಡಿದ ಮೇಲೆ. ಲಿಬಿಯಾದ ಮರುಭೂಮಿಯಲ್ಲಿ ಮೋಟಾರುಗಳಲ್ಲಿ ಸಂಚರಿಸಿದ ಬ್ಯಾಗ್ನೋಲ್ಡ್ ಎಂಬ ಆಂಗ್ಲ ಸೇನಾಧಿಕಾರಿಯು ಮರಳುದಿಬ್ಬಗಳನ್ನು ದಾಟಲು ಗಾಳಿ ಇಳಿಸುವ ಉಪಾಯವನ್ನು ರೂಢಿಗೆ ತಂದವರಲ್ಲಿ ಪ್ರಮುಖನು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದವರು ಕಟ್ಟಿದ ‘ಡಕ್’ ಎಂಬ ಜಲಸ್ಥಲಗಾಮಿ ಲಾರಿಯಲ್ಲಿ ಚಾಲಕನು ಕುಳಿತಲ್ಲಿಂದಲೇ ಗಾಳಿಯನ್ನು ಏರಿಸಿ ಇಳಿಸಬಹುದಾಗಿತ್ತು. ಅಂತಹ ಏರ್ಪಾಡು ನಮ್ಮ ಅಳವಲ್ಲ.

ನಮಗೆ ಬೇಕಾದುದು ಕಮ್ಮಾರನ ತಿದಿಯ ಮರಿಮಗನಾದ ಒಂದು ಪುಟ್ಟ ಕಂಪ್ರೆಸರು. ಕಾಲಿನಿಂದ ಒತ್ತುವ ಪಂಪು ಸಾಲದೇ ಎಂದು ನಾನು ಕೇಳಿದ್ದುಂಟು. ವಿಜ್ಞಾನದ ಶಿಕ್ಷಕರು ಹಲಗೆಯ ಮೇಲೆ ಲೆಕ್ಕ ಬರೆದರು. ಜೀಪಿನ ಒಂದು ಟೈರಿನ ಒಳಗಣ ಅವಕಾಶ ಸುಮಾರು 60 ಲೀಟರು. ಅದನ್ನು 15 ಪೌಂಡಿನಿಂದ 30 ಪೌಂಡಿಗೆ ಏರಿಸುವುದೆಂದರೆ ವಾಯುಮಂಡಲದ ಒಂದು ಪಾಲು ಒತ್ತಡವನ್ನು ಕೂಡಿಸಿದಂತೆ. 1662ರಲ್ಲಿ ಬಾಯ್ಲ್ ಪ್ರಕಟಿಸಿದ ನಿಯಮದಂತೆ ಹೊರಗಿನ ಗಾಳಿ ಇನ್ನೂ 60 ಲೀಟರು ಒಳಗೆ ಹೋಗಬೇಕು. ಒಂದು ತುಳಿತಕ್ಕೆ 400 ಘನ ಸೆಂಟಿಮೀಟರು ಕೊಡುವ ಪಂಪಿನಲ್ಲಿ ಇದಕ್ಕೆ 150 ತುಳಿತ. ನಾಲ್ಕು ಚಕ್ರಗಳಿಗೆ 600. ಲೆಕ್ಕ ನೋಡಿಯೇ ನನಗೆ ಮೊಣಕಾಲು ನೋಯಿತು.

ಬಳಿಕ ಗಾಳಿ ಶೇಖರಿಸುವ ಟ್ಯಾಂಕಿನ ಮಾತು ಬಂದಿತು. ಉತ್ಸಾಹಿಯಾದ ಇನ್ನೊಬ್ಬ ಶಿಷ್ಯನು ಹಳೆಯ ರೆಫ್ರಿಜರೇಟರಿನ ಕಂಪ್ರೆಸರನ್ನು ಗುಜರಿಯ ಅನಿಲ ಸಿಲಿಂಡರಿಗೆ ಬೆಸುಗೆ ಹಾಕಿಸಿ ಕೊಡುವೆನೆಂದು ಮುಂದೆ ಬಂದನು. ಖರ್ಚು ಅತ್ಯಲ್ಪ. ಅದನ್ನು ಬೇಡವೆಂದುದಕ್ಕೆ ಕಾರಣ ಹೇಳಲೇಬೇಕು. ಆ ಕಂಪ್ರೆಸರು ಮನೆಯ 230 ವೋಲ್ಟಿನ ವಿದ್ಯುತ್ತಿನಿಂದ ನಡೆಯತಕ್ಕದ್ದು, ಹೊಳೆಯ ನಡುವೆ ನಿರುಪಯೋಗಿ. ಅದರ ಎಣ್ಣೆ ಗಾಳಿಯೊಡನೆ ಹೊರಟು ರಬ್ಬರನ್ನು ಕೆಡಿಸುತ್ತದೆ. ಸಿಲಿಂಡರಿನಲ್ಲಿ ಉಳಿದ ಅನಿಲಕ್ಕೆ ಬೆಸುಗೆಯ ಕಿಡಿ ತಗುಲಿದರೆ ಸ್ಫೋಟವಾದೀತು. ಮುಂದೆ ಗಾಳಿಯ ತೇವ ಒಳಗೆ ನಿಂತು ಕಣ್ಣಿಗೆ ಕಾಣದಂತೆ ತುಕ್ಕು ತಿನ್ನುತ್ತದೆ. ಅಷ್ಟೆಲ್ಲ ಅಪಾಯವನ್ನು ಹೊತ್ತರೂ ಲಾಭವೇನು? 10 ಲೀಟರಿನ ಟ್ಯಾಂಕಿನಲ್ಲಿ ವಾಯುಮಂಡಲದ ಎಂಟರಷ್ಟು ಒತ್ತಡ ತುಂಬಿದರೂ, ಅದು ಎರಡಕ್ಕೆ ಇಳಿಯುವವರೆಗೆ ನಮಗೆ ದಕ್ಕುವುದು 60 ಲೀಟರು, ಎಂದರೆ ಒಂದೇ ಚಕ್ರಕ್ಕೆ! ಟ್ಯಾಂಕನ್ನು ಬಿಟ್ಟುಬಿಡುವುದೇ ನಿಜವಾದ ಮಿತವ್ಯಯ.

ಹೀಗೆ ನಿಶ್ಚಯಿಸಿ, ಬ್ಯಾಟರಿಯ 12 ವೋಲ್ಟಿನಿಂದ ನಡೆಯುವ, ನಿಮಿಷಕ್ಕೆ 60 ಲೀಟರು ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದ ಕಂಪ್ರೆಸರನ್ನು ಕೊಂಡೆವು. ಅದು ಸುಮಾರು 25 ಆಂಪಿಯರು ವಿದ್ಯುತ್ತನ್ನು ಎಳೆಯುತ್ತದೆ. ಸಿಗರೇಟು ಹೊತ್ತಿಸುವ ಸಾಕೆಟ್ಟಿಗೆ ಚುಚ್ಚಿದರೆ ಫ್ಯೂಸು ಸುಡುವುದು ಖಂಡಿತ. ನೇರವಾಗಿ ಬ್ಯಾಟರಿಗೆ ಹಿಡಿಕೆಗಳಿಂದ ಜೋಡಿಸಿ, ಧನಧ್ರುವದ ತೀರ ಹತ್ತಿರದಲ್ಲಿಯೇ ತಕ್ಕ ಫ್ಯೂಸನ್ನು ಇರಿಸತಕ್ಕದ್ದು. ತಂತಿಯಲ್ಲಿ ಜಿಪುಣತನ ಕೂಡದು. ಬ್ಯಾಟರಿಯಿಂದ 2 ಮೀಟರು ದೂರಕ್ಕೆ 1 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆದರೆ ಹೋಗಿಬರುವ ದಾರಿಯಲ್ಲಿಯೇ ಸುಮಾರು 2 ವೋಲ್ಟು ನಷ್ಟ, ತಂತಿಯೂ ಕಾಯುತ್ತದೆ; 6 ಚದರ ಮಿಲಿಮೀಟರಿನದಾದರೆ ನಷ್ಟ ಅರ್ಧ ವೋಲ್ಟೂ ಇಲ್ಲ. ಗಾಳಿ ತುಂಬುವಾಗ ಎಂಜಿನು ನಡೆಯುತ್ತಿರಬೇಕು, ಇಲ್ಲವಾದರೆ ಬ್ಯಾಟರಿ ಬರಿದಾಗುತ್ತದೆ.

ಕಂಪ್ರೆಸರಿನಿಂದ ಹೊರಡುವ ಗಾಳಿ ಬಿಸಿಯಾಗಿರುವುದರಿಂದ ಮೊದಲ ತುಂಡು ಪ್ಲಾಸ್ಟಿಕ್ಕಿನದಾಗದೆ ಬಿಸಿ ತಾಳುವ ರಬ್ಬರಿನದಾಗಿರಬೇಕು. ಅಲ್ಲಿಯೇ ಗಾಳಿ ಹಿಂದಕ್ಕೆ ಬಾರದಂತೆ ತಡೆಯುವ ಒಂದು ವಾಲ್ವು. ಮುಂದೆ ಹಿತ್ತಾಳೆಯ ಕವಲುಗಳನ್ನಿಟ್ಟು ಕೊಳವೆಯನ್ನು ನಾಲ್ಕಾಗಿ ಒಡೆದು ನಾಲ್ಕೂ ಚಕ್ರಗಳಿಗೆ ಒಮ್ಮೆಗೇ ಸಿಕ್ಕಿಸಿದರೆ, ಹೆಚ್ಚಿದ್ದಲ್ಲಿಂದ ಕಡಿಮೆಯಿದ್ದಲ್ಲಿಗೆ ಗಾಳಿ ಹರಿದು ನಾಲ್ಕೂ ಸಮವಾಗುತ್ತವೆ. ಹಿಂದೆ ಮುಂದೆ ಬೇರೆ ಬೇರೆ ಒತ್ತಡ ಬೇಕಾದ ವಾಹನಕ್ಕೆ ಎರಡೆರಡಾಗಿ ತುಂಬಬೇಕು. ಸಂದುಗಳಲ್ಲಿ ಸೋರುವುದನ್ನು ಸಾಬೂನಿನ ನೊರೆಯಿಂದ ಪರೀಕ್ಷಿಸಬಹುದು. ಮಾಪಕವನ್ನು ಮಾತ್ರ ಉತ್ತಮವಾದುದನ್ನೇ ಕೊಳ್ಳಬೇಕು. ಯಂತ್ರ ನಡೆಯುತ್ತಿರುವಾಗ ಅದು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ಆದುದರಿಂದ ನಿಲ್ಲಿಸಿ ನೋಡತಕ್ಕದ್ದು. ನಾನು ಮೊದಲ ದಿನ ನಿಲ್ಲಿಸದೆ ನೋಡಿ 30 ಎಂದು ಕೂಗಿದೆ. ನಿಲ್ಲಿಸಿದಾಗ ಮುಳ್ಳು 26ಕ್ಕೆ ಬಂದು ಕುಳಿತಿತು.

ಈ ಮಾಘದಲ್ಲಿ ಅದೇ ಹೊಳೆಯನ್ನು ಮತ್ತೆ ದಾಟಿದೆವು. ದಡದಲ್ಲಿ ಜೀಪನ್ನು ನಿಲ್ಲಿಸಿ ಕೊಳವೆಗಳನ್ನು ಸಿಕ್ಕಿಸಿ ಗಡಿಯಾರ ನೋಡಿದೆನು. ನಾಲ್ಕು ಚಕ್ರಗಳಿಗೆ 240 ಲೀಟರು, ನಿಮಿಷಕ್ಕೆ 60ರಂತೆ 4 ನಿಮಿಷ ಸಾಕೆಂಬುದು ನನ್ನ ಲೆಕ್ಕ. ಹಿಡಿದುದು 7. ಗ್ಯಾರೇಜಿನ ಶಿಷ್ಯನು ನಕ್ಕು, “ಗುರುಗಳೇ, ಪೆಟ್ಟಿಗೆಯ ಮೇಲಿನ ಅಂಕಿ ಎದುರೊತ್ತಡವಿಲ್ಲದೆ ಬರಿದೇ ತಿರುಗುವಾಗಿನದು, ಭಾರ ಬಿದ್ದಾಗಿನದಲ್ಲ” ಎಂದನು.