ಸುಂದರ ದ್ವಾರದ ಬಳಿಯ ಕುಂಟನೂ ನಮ್ಮ ಮನೆಯ ಕೂಸೂ



ಪ್ರೇಷಿತರ ಕಾರ್ಯಕಲಾಪಗಳ ಮೂರನೆಯ ಅಧ್ಯಾಯದಲ್ಲಿ ಬರುವ ಭಿಕ್ಷುಕನನ್ನು ನೀವೆಲ್ಲ ಬಲ್ಲಿರಿ. ತಾಯಿಯ ಗರ್ಭದಿಂದಲೇ ಕುಂಟನಾಗಿದ್ದ ಆತನನ್ನು ದಿನವೂ ಹೊತ್ತು ತಂದು ದೇವಾಲಯದ ಸುಂದರ ದ್ವಾರದ ಬಳಿ ಕೂರಿಸುತ್ತಿದ್ದರು. ಮುಂದಿನ ಅಧ್ಯಾಯವನ್ನೂ ಓದಿದರೆ ಆತನ ವಯಸ್ಸು ನಲವತ್ತು ದಾಟಿತ್ತೆಂದು ತಿಳಿಯುತ್ತದೆ. ಹೋಗಿಬರುವವರು ಆತನಿಗೆ ಕಾಸು ಕೊಡುತ್ತಿದ್ದರು. ಅವರ ದಾನವನ್ನು ಹಳಿಯುವಂತಿಲ್ಲ. ಆದರೆ ಆ ಕಾಸು ಆತನನ್ನು ಬಾಗಿಲಲ್ಲೇ ಇರಿಸಿತು. ಪೇತ್ರನು ಕೈಹಿಡಿದು ಎಬ್ಬಿಸಿದ ಮೇಲೆಯೇ ಆತ ನಡೆದದ್ದು.

ಆತನ ತೊಂದರೆ ಪಾದ ಮತ್ತು ಹರಡುಗಳಲ್ಲಿತ್ತು. ಇಂದು ನಾವು ತಿಳಿಯಬೇಕಾದದ್ದು ಅದಕ್ಕಿಂತ ಮೇಲಿನ, ಸೊಂಟದ ಕೀಲಿನ ಸಂಗತಿ. ನಮ್ಮ ತೊಡೆಮೂಳೆಯ ಮೇಲ್ತುದಿ ಗುಂಡಾಗಿದೆ. ಒರಳಿನಲ್ಲಿ ರುಬ್ಬುಗುಂಡು ಕೂತು ತಿರುಗುವಂತೆ ಅದು ಸೊಂಟದ ಮೂಳೆಯ ಗುಳಿಯಲ್ಲಿ ಕೂತು ತಿರುಗುತ್ತದೆ. ಕೆಲವು ಕೂಸುಗಳಲ್ಲಿ ಈ ಗುಳಿ ಆಳವಿರುವುದಿಲ್ಲ; ಗುಂಡು ಸಡಿಲವಾಗಿರುತ್ತದೆ, ಇಲ್ಲವೇ ಹೊರಗೆ ಜಾರಿರುತ್ತದೆ. ಸಾವಿರ ಶಿಶುಗಳಲ್ಲಿ ಒಂದೆರಡಕ್ಕೆ ಕೀಲು ಪೂರ್ತಿ ತಪ್ಪಿರುತ್ತದೆ. ಬರೀ ಸಡಿಲವಾಗಿರುವವು ಇನ್ನೂ ಹೆಚ್ಚು. ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಲ್ಲಿ, ಚೊಚ್ಚಲ ಮಕ್ಕಳಲ್ಲಿ, ಗರ್ಭದಲ್ಲಿ ತಲೆ ಮೇಲಾಗಿ ಕುಳಿತಿದ್ದ ಮಕ್ಕಳಲ್ಲಿ ಇದು ಹೆಚ್ಚು. ಮನೆತನದಲ್ಲಿ ಯಾರಿಗಾದರೂ ಇದ್ದರೆ ಇನ್ನಷ್ಟು ಎಚ್ಚರ ಬೇಕು.

ಈ ತೊಂದರೆಯ ಕಪಟವೆಂದರೆ, ನೋವೇ ಇರುವುದಿಲ್ಲ. ಕೂಸು ಹಾಲು ಕುಡಿಯುತ್ತದೆ, ನಗುತ್ತದೆ, ನಿದ್ರಿಸುತ್ತದೆ. ನಡೆಯತೊಡಗಿದ ಮೇಲೆ ಒಂದು ಕಡೆ ವಾಲುವುದನ್ನು ಕಂಡಾಗಲೇ ಮನೆಯವರಿಗೆ ಗಾಬರಿ. ಅಷ್ಟರಲ್ಲಿ ಅತಿ ಬೆಲೆಬಾಳುವ ಒಂದು ವರ್ಷ ಕಳೆದಿರುತ್ತದೆ.

ಆದರೂ ತಾಯಿಯ ಕೈಗೆ ತಿಳಿಯುವುದು ಬೇರೆಯವರಿಗೆ ತಿಳಿಯದು. 1935ರಲ್ಲಿ ಇಟಲಿಯ ಫೆರಾರಾದ ಮಕ್ಕಳ ವೈದ್ಯ ಮರೀನೊ ಓರ್ತೊಲಾನಿಯವರ ಬಳಿ ಒಬ್ಬ ತಾಯಿ ಐದು ತಿಂಗಳ ಮಗುವನ್ನು ತಂದಳು. ಮಗುವನ್ನು ತೊಳೆಯುವಾಗಲೆಲ್ಲ ಸೊಂಟದಲ್ಲಿ ಏನೋ ‘ಟಕ್’ ಎನ್ನುತ್ತದೆ ಎಂಬುದು ಆಕೆಯ ದೂರು. ವೈದ್ಯರು ಆ ಮಾತನ್ನು ತಳ್ಳಿಹಾಕಲಿಲ್ಲ. ಅದರಿಂದ ಹುಟ್ಟಿದ, ಅವರ ಹೆಸರಿನದೇ ಪರೀಕ್ಷೆಯನ್ನು ಇಂದಿಗೂ ಲೋಕದೆಲ್ಲೆಡೆ ನವಜಾತ ಶಿಶುಗಳಿಗೆ ಮಾಡುತ್ತಾರೆ.

ನೀವೂ ಗಮನಿಸಿರಿ. ಬಟ್ಟೆ ಬದಲಿಸುವಾಗ ಒಂದು ತೊಡೆ ಇನ್ನೊಂದರಷ್ಟು ಅಗಲಕ್ಕೆ ಬಿಚ್ಚಿಕೊಳ್ಳುವುದಿಲ್ಲವೇ? ಮೊಣಕಾಲು ಮಡಚಿ ಹಿಡಿದಾಗ ಒಂದು ಕಾಲು ಗಿಡ್ಡವಾಗಿ ಕಾಣುತ್ತದೆಯೇ? ತೊಡೆಯ ಮಡಿಕೆಗಳು ಎರಡೂ ಕಡೆ ಒಂದೇ ತೆರನಾಗಿಲ್ಲವೇ? ಮಡಿಕೆಯೊಂದನ್ನೇ ನೋಡಿ ಹೆದರಬೇಡಿರಿ, ಅದು ಆರೋಗ್ಯವಂತ ಮಕ್ಕಳಲ್ಲೂ ಇರುತ್ತದೆ. ಆದರೆ ಸಂಶಯವಿದ್ದರೆ ವೈದ್ಯರಲ್ಲಿ ಬಾಯಿಬಿಟ್ಟು ಕೇಳಿರಿ. ಎರಡೂ ಕೀಲು ತಪ್ಪಿದ್ದರೆ ಕಾಲುಗಳು ಸರಿಸಮವಾಗಿಯೇ ಕಾಣುತ್ತವೆ ಎಂಬುದನ್ನೂ ನೆನಪಿಡಿರಿ.

ಇನ್ನು ಅಜ್ಜಿಯಂದಿರೊಡನೆ ಒಂದು ಮಾತು. ಮಾತೆ ಮರಿಯಮ್ಮನವರೂ ತಮ್ಮ ಕಂದನನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದರು. ಸುತ್ತುವುದು ತಪ್ಪಲ್ಲ. ಆದರೆ ಎಣ್ಣೆ ಹಚ್ಚಿ ಎರೆದ ಮೇಲೆ, ಕಾಲು ಸೊಟ್ಟಗಾದೀತೆಂದು ಎಳೆದು ನೇರಮಾಡಿ ಬಿಗಿಯಾಗಿ ಕಟ್ಟುತ್ತೀರಲ್ಲ, ಅದನ್ನು ಬಿಟ್ಟುಬಿಡಿರಿ. ಎಳೆಯ ಕೂಸಿನ ಕಾಲು ಮಡಚಿಕೊಂಡಿರುವುದೇ ಸಹಜ. ಜಪಾನಿನಲ್ಲಿ 1975ರ ಹೊತ್ತಿಗೆ, ಮಕ್ಕಳ ಕಾಲನ್ನು ಚಾಚಿ ಕಟ್ಟಬೇಡಿರೆಂದು ತಾಯಂದಿರಿಗೂ ಅಜ್ಜಿಯಂದಿರಿಗೂ ದೇಶದಾದ್ಯಂತ ತಿಳಿಹೇಳಿದರು. ನೂರಕ್ಕೆ 1ರಿಂದ 3ರಷ್ಟಿದ್ದ ತೊಂದರೆ ಮುಂದಿನ ವರ್ಷಗಳಲ್ಲಿ 0.2ಕ್ಕಿಂತ ಕೆಳಗಿಳಿಯಿತು. ಮೈ ಸುತ್ತಿರಿ, ಕಾಲುಗಳಿಗೆ ಕಪ್ಪೆಯಂತೆ ಮಡಚಿ ಬಿಚ್ಚಲು ಜಾಗ ಬಿಡಿರಿ. ಕತ್ತು ನಿಂತ ಮೇಲೆ ಕಂಕುಳಲ್ಲಿ ಕಾಲು ಅಗಲಿಸಿ ಕೂರಿಸಿಕೊಳ್ಳುವ ನಮ್ಮ ಹಳೆಯ ರೂಢಿಯಂತೂ ಕೀಲಿಗೆ ಹಿತ.

ಬೇಗ ಕಂಡರೆ ಚಿಕಿತ್ಸೆ ಸರಳ. ಮೊದಲ ಕೆಲವು ತಿಂಗಳಲ್ಲಿ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್‌ನಿಂದ ಕೀಲನ್ನು ನೋಡಬಹುದು. ಆರು ತಿಂಗಳೊಳಗಾದರೆ ಚೆಕ್ ವೈದ್ಯ ಆರ್ನಾಲ್ಡ್ ಪಾವ್ಲಿಕ್ ರೂಪಿಸಿದ ಮೆತ್ತನೆಯ ಪಟ್ಟಿಗಳನ್ನು ಎರಡು ಮೂರು ತಿಂಗಳು ತೊಡಿಸಿದರೆ ಬಹುಪಾಲು ಮಕ್ಕಳ ಕೀಲು ಸರಿಹೋಗುತ್ತದೆ. ಅದು ದಾಟಿದರೆ ಅರಿವಳಿಕೆ ಕೊಟ್ಟು ಕೀಲು ಕೂರಿಸಿ, ಎದೆಯ ಕೆಳಗಿನಿಂದ ಕಾಲಿನವರೆಗೆ ಪ್ಲಾಸ್ಟರ್ ಹಾಕಬೇಕು. ಒಂದೂವರೆ ವರ್ಷದ ಮೇಲೆ ಹಲವರಿಗೆ ಶಸ್ತ್ರಚಿಕಿತ್ಸೆಯೇ ಗತಿ. ಬಿಟ್ಟರೆ ಯೌವನದಲ್ಲೇ ಕೀಲು ಸವೆದು ನೋವು.

ಇದು ಯಾರ ಪಾಪದ ಫಲವೂ ಅಲ್ಲ. ಹುಟ್ಟು ಕುರುಡನ ವಿಷಯದಲ್ಲಿ ಶಿಷ್ಯರು ಅಂಥದೇ ಪ್ರಶ್ನೆ ಕೇಳಿದಾಗ ಯೇಸುಸ್ವಾಮಿ ಅದನ್ನು ಒಪ್ಪಲಿಲ್ಲ. ಹೆಣ್ಣುಮಗು, ನಾಳೆ ಮದುವೆಗೆ ಅಡ್ಡಿಯಾದೀತೆಂದು ಬಚ್ಚಿಡುವ ಮನೆಗಳು ಆ ಬಚ್ಚಿಡುವಿಕೆಯಿಂದಲೇ ಆಕೆಯನ್ನು ಕುಂಟಿಯಾಗಿಸುತ್ತವೆ.

ಹಣದ ಮಾತಿಗೆ ಬರೋಣ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟು ದೋಷಗಳ ಪಟ್ಟಿಯಲ್ಲಿ ಈ ಕೀಲಿನ ತೊಂದರೆಯೂ ಸೇರಿದೆ. ಗುರುತಿಸಿದ ಮಕ್ಕಳಿಗೆ ಚಿಕಿತ್ಸೆ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಹಾಗಾದರೆ ಧರ್ಮಕೇಂದ್ರದಲ್ಲಿ ನಿಧಿ ಏಕೆ? ಪಟ್ಟಿ ಸರಿಪಡಿಸಲು ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಪಟ್ಟಣದ ಆಸ್ಪತ್ರೆಗೆ ಹೋಗಬೇಕು. ಬಸ್ಸಿನ ಖರ್ಚು, ಆ ದಿನದ ಕೂಲಿ ನಷ್ಟ, ಮನೆಯಲ್ಲಿ ಉಳಿದ ಮಕ್ಕಳ ಊಟ. ಬಡ ತಾಯಿ ಮೂರನೆಯ ಸಲಕ್ಕೆ ಹೋಗುವುದನ್ನೇ ನಿಲ್ಲಿಸುತ್ತಾಳೆ. ಶಸ್ತ್ರಚಿಕಿತ್ಸೆಗೆ ಸಾವಿರಾರು ರೂಪಾಯಿ ಕೂಡಿಸಲು ನಾವು ಉದಾರಿಗಳು. ಅದನ್ನು ತಪ್ಪಿಸುವ ಬಸ್ ಟಿಕೆಟ್ಟಿಗೆ ಯಾರೂ ಡಬ್ಬಿ ಇಟ್ಟದ್ದನ್ನು ನಾನು ಕಂಡಿಲ್ಲ.

ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯವರು ಅಥವಾ ಸ್ತ್ರೀಯರ ಸಂಘದವರು ಇಂಥದೊಂದು ಸಣ್ಣ ನಿಧಿ ಆರಂಭಿಸಬಹುದು. ಮಗುವಿನ ಹೆಸರನ್ನು ಬಲಿಪೂಜೆಯ ಕೊನೆಯಲ್ಲಿ ಓದಿ ಹೇಳಬೇಡಿರಿ, ತಾಯಿಯನ್ನು ಎದುರಿಗೆ ಕರೆದು ಲಕೋಟೆ ಕೊಡಬೇಡಿರಿ. ಮನೆಗೆ ಹೋಗಿ ಕೊಡಿರಿ. ಸಾಧ್ಯವಾದರೆ ಒಬ್ಬ ಹೆಂಗಸು ಜೊತೆಗೇ ಆಸ್ಪತ್ರೆಗೆ ಹೋಗಲಿ. ಹಣಕ್ಕಿಂತ ಅದೇ ಹೆಚ್ಚು ಬೇಕಾಗುತ್ತದೆ.

ಜ್ಞಾನಸ್ನಾನಕ್ಕೆ ಹೆಸರು ಬರೆಸಲು ಬರುವ ಮನೆಯವರನ್ನು ಜ್ಞಾನತಾಯಿ ಯಾರೆಂದು ಕೇಳುತ್ತೇವೆ. ಕೂಸಿನ ಸೊಂಟದ ಕೀಲು ತೋರಿಸಿದಿರಾ ಎಂದೂ ಆಗಲೇ ಕೇಳಿಬಿಡಬಹುದು.