‘ರಿಟೈರ್ ಆದ್ರಾ?’ ಅಂತ ಕೇಳುವ ಮುಂಚೆ

ಪ್ರಶ್ನಾವಳಿ ಬರೆಯುವುದು ನನ್ನ ಹೊಟ್ಟೆಪಾಡು. ಹೆಚ್ಚಿನವು ಕೆಲಸ ಮುಗಿಸಿ ಮನೆಯಲ್ಲಿ ಕೂತವರ ಬಗ್ಗೆ. ಕೂತಿದ್ದಾರೆ ಎಂದು ನಾವಂದುಕೊಂಡವರ ಬಗ್ಗೆ ಎಂದರೆ ಇನ್ನೂ ಸರಿ. ಎಡವಿದ ಕೆಲವು ಜಾಗಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

1. ‘ನಿವೃತ್ತಿ’ ಎಂಬ ಮಾತನ್ನೇ ಪ್ರಶ್ನೆಯಿಂದ ತೆಗೆಯಿರಿ.

ಪೀಣ್ಯದ ಹತ್ತಿರ ಒಂದು ವಠಾರ. ಗಾರ್ಮೆಂಟ್ಸಿನಲ್ಲಿ ಇಪ್ಪತ್ತೆರಡು ವರ್ಷ ಮೆಷಿನ್ ತುಳಿದ ಹೆಂಗಸು, ವಯಸ್ಸು ನಲವತ್ತಾರು. ‘ನೀವು ನಿವೃತ್ತರಾಗಿದ್ದೀರಾ?’ ಎಂದು ನಮ್ಮ ಹುಡುಗಿ ಓದಿದಳು. ‘ಅಯ್ಯೋ, ನಮಗೆಲ್ಲಿ ರಿಟೈರು? ಕಣ್ಣು ಮಂಜಾಯ್ತು, ಬಿಟ್ಟೆ ಅಷ್ಟೆ.’ ಟ್ಯಾಬಿನಲ್ಲಿ ‘ಇಲ್ಲ’ ಒತ್ತಿದ್ದೇ ತಡ, ಮುಂದಿನ ಹದಿನಾಲ್ಕು ಪ್ರಶ್ನೆ ಹಾರಿಹೋದವು. ಆಕೆ ಪಿ.ಎಫ್. ತೆಗೆದು ಮಗಳ ಮದುವೆ ಮಾಡಿದ್ದು, ಈಗ ಮನೆಯಲ್ಲೇ ಫಾಲ್ ಹೊಲಿಯುವುದು, ಏನೂ ದಾಖಲಾಗಲಿಲ್ಲ. ತಪ್ಪು ಹುಡುಗಿಯದಲ್ಲ, ಪ್ರಶ್ನೆ ಬರೆದ ನನ್ನದು.

ಮಾಲೀಕರ ಪಾಲಿನ ಪಿ.ಎಫ್. ಹಣವನ್ನು 58 ತುಂಬುವ ತನಕ ಮುಟ್ಟುವಂತಿಲ್ಲ ಎಂಬ ನಿಯಮ ಬಂದಾಗ, 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆ, ತುಮಕೂರು ರಸ್ತೆಗೆ ಇಳಿದಿದ್ದರು. ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು. 58ರವರೆಗೆ ಆ ಕೆಲಸದಲ್ಲಿ ಯಾರಿರುತ್ತಾರೆ ಎನ್ನುವುದೇ ಅವರ ಜಗಳವಾಗಿತ್ತು. ಅದನ್ನು ಪೇಪರಿನಲ್ಲಿ ಓದಿದ್ದ ನಾನೇ ಅವರ ಮುಂದೆ ‘ನಿವೃತ್ತಿ’ ಹಿಡಿದು ಹೋಗಿದ್ದೆ.

ಈಗ ಕೇಳುವುದು ಇಷ್ಟೆ: ‘ಸಂಬಳದ ಕೆಲಸಕ್ಕೆ ಕೊನೆಯ ಸಲ ಹೋದದ್ದು ಯಾವ ವರ್ಷ? ಯಾಕೆ ಬಿಟ್ಟಿರಿ? ಈಗ ಕೈಗೆ ನಾಲ್ಕು ಕಾಸು ಬರುವಂಥದ್ದು ಏನಾದರೂ ಮಾಡುತ್ತೀರಾ?’

2. ‘ಪಿಂಚಣಿ ಬರುತ್ತದೆಯೇ?’ ಎಂಬುದು ಒಂದು ಪ್ರಶ್ನೆಯಲ್ಲ, ಐದು.

ಒಂದೇ ಬೀದಿಯ ಐದು ಮನೆಯಲ್ಲಿ ‘ಹೌದು’ ಬಂತು ಅನ್ನಿ. ಒಬ್ಬರು ಸರ್ಕಾರಿ ಶಾಲೆಯ ಮೇಷ್ಟ್ರಾಗಿದ್ದವರು. ಇನ್ನೊಬ್ಬಾಕೆಗೆ ತೀರಿಹೋದ ಯಜಮಾನರ ಕುಟುಂಬ ಪಿಂಚಣಿ. ಮೂರನೆಯವರಿಗೆ ಕಾರ್ಖಾನೆಯ ಇ.ಪಿ.ಎಸ್., ಅಂದರೆ ನೌಕರರ ಪಿಂಚಣಿ ಯೋಜನೆಯ ಹಣ; ಅದರ ಕನಿಷ್ಠ ಮೊತ್ತ 2014ರಿಂದ ತಿಂಗಳಿಗೆ 1,000 ರೂಪಾಯಿ. ನಾಲ್ಕನೆಯವರಿಗೆ 65 ದಾಟಿದ ಮೇಲೆ ಸಿಕ್ಕ ಸಂಧ್ಯಾ ಸುರಕ್ಷಾ. ಐದನೆಯಾಕೆಗೆ ವಿಧವಾ ವೇತನ, ಆಕೆಯ ಬಾಯಲ್ಲಿ ಅದೂ ‘ಪಿಂಚಣಿ’ಯೇ. ಐದನ್ನೂ ಕೂಡಿಸಿ ‘ಪಿಂಚಣಿದಾರರು’ ಎಂದು ಕೋಷ್ಟಕ ಮಾಡಿದರೆ ಮೇಷ್ಟ್ರ ಮೊತ್ತವೇ ಎಲ್ಲರ ಸರಾಸರಿಯನ್ನು ಎತ್ತಿಬಿಡುತ್ತದೆ. ದೇಶದ ಕಾರ್ಮಿಕ ಬಲ ಸಮೀಕ್ಷೆಯಲ್ಲೂ ಪಿಂಚಣಿದಾರರು, ಬಾಡಿಗೆ-ಬಡ್ಡಿಯಲ್ಲಿ ಬದುಕುವವರು, ಮಕ್ಕಳು ಕಳಿಸಿದ ದುಡ್ಡಿನಲ್ಲಿ ಬದುಕುವವರು ಎಲ್ಲರಿಗೂ ಒಂದೇ ಸಂಕೇತ: 94. ಅಷ್ಟು ದೊಡ್ಡ ಸಮೀಕ್ಷೆಗೆ ಅದು ಅನಿವಾರ್ಯವಿರಬಹುದು. ನಮಗೆ ಆ ಸೋಮಾರಿತನ ಸಲ್ಲದು. ‘ಪಾಸ್‌ಬುಕ್ಕಿಗೆ ತಿಂಗಳು ತಿಂಗಳು ಯಾವ ದುಡ್ಡು ಬೀಳುತ್ತದೆ?’ ಎಂದು ಕೇಳಿ, ಬಂದ ಉತ್ತರವನ್ನು ನೀವು ವಿಂಗಡಿಸಿ.

3. ‘ಇಲ್ಲವೇ?’ ಎಂದು ಮುಗಿಸಬೇಡಿ.

‘ಈಗ ನೀವು ಕೆಲಸಕ್ಕೆ ಹೋಗುತ್ತಿಲ್ಲವೇ?’ ಎಂದರೆ ಕನ್ನಡದಲ್ಲಿ ‘ಹೂಂ’ ಅನ್ನುವವರು ಹೋಗುತ್ತಿಲ್ಲ. ‘ಇಲ್ಲ’ ಅನ್ನುವವರೂ ಬಹುಪಾಲು ಹೋಗುತ್ತಿಲ್ಲ. ಇಂಗ್ಲಿಷಿನಲ್ಲಿ ತಯಾರಾದ ಫಾರ್ಮನ್ನು ಕಚೇರಿಯಲ್ಲಿ ಕೂತು ಅನುವಾದಿಸಿದಾಗ ನುಸುಳುವ ತಗಣೆ ಇದು. ಒಮ್ಮೆ ಎರಡು ತಂಡಗಳು ‘ಹೂಂ’ ಅನ್ನು ಒಂದಕ್ಕೊಂದು ಉಲ್ಟಾ ಗುರುತು ಹಾಕಿಕೊಂಡು ಬಂದವು. ಆ ಕಾಲಮ್ಮನ್ನೇ ಬಿಸಾಡಬೇಕಾಯಿತು.

4. ವಯಸ್ಸು ಎರಡಿರುತ್ತದೆ.

ರಾಜ್ಯ ಸರ್ಕಾರಿ ನೌಕರರಿಗೆ 60 ತುಂಬಿದ ತಿಂಗಳ ಕೊನೆಯ ದಿನ ಬೀಳ್ಕೊಡುಗೆ. ಒಂದನೇ ತಾರೀಖು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಗೇ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿಗೆ ಜೂನ್ 1 ಎಂದು ಬರೆದುಕೊಂಡ ಮಕ್ಕಳೆಲ್ಲ ಮುಂದೆ ಮೇ 31ಕ್ಕೆ ಸಾಲುಸಾಲಾಗಿ ಹಾರ ಹಾಕಿಸಿಕೊಂಡು ಮನೆಗೆ ಬಂದರು. ‘ದಾಖಲೆಯಲ್ಲಿ ಎಷ್ಟು? ಮನೆಯವರ ಲೆಕ್ಕದಲ್ಲಿ ಎಷ್ಟು?’ ಎಂದು ಎರಡೂ ಕೇಳಿ. ಎರಡನೆಯದಕ್ಕೆ ನಗುತ್ತಾರೆ, ಮಾತು ಸಲೀಸಾಗುತ್ತದೆ.

5. ‘ಇತ್ತೀಚೆಗೆ’ ಬೇಡ. ‘ಯುಗಾದಿ ಆದಮೇಲೆ’ ಅನ್ನಿ.

6. ಎರಡು ಮಾತನ್ನು ಒಂದೇ ಗಂಟಿಗೆ ಹಾಕಬೇಡಿ.

‘ಕೆಲಸ ಬಿಟ್ಟ ಮೇಲೆ ಆರೋಗ್ಯ ಮತ್ತು ಹಣಕಾಸಿನ ಸ್ಥಿತಿ ತೃಪ್ತಿಕರವಾಗಿದೆಯೇ?’ ಹಾಸನದಲ್ಲಿ ನಿವೃತ್ತ ಗುಮಾಸ್ತರೊಬ್ಬರು, ‘ದುಡ್ಡಿದೆ, ಮಂಡಿ ಇಲ್ಲ. ಯಾವುದಕ್ಕೆ ಟಿಕ್ ಹಾಕ್ತೀರಿ?’ ಅಂದರು. ‘ತೃಪ್ತಿಕರ’ ಎಂಬುದೂ ಅರ್ಜಿಯ ಭಾಷೆ. ‘ತಿಂಗಳ ಕೊನೆಗೆ ಯಾರ ಹತ್ತಿರವಾದರೂ ಕೈಗಡ ತರಬೇಕಾಗುತ್ತದಾ?’ ಎಂದರೆ ತೃಪ್ತಿಯ ಲೆಕ್ಕ ತಾನಾಗಿ ಹೊರಬರುತ್ತದೆ. ಆದರೆ ಮಗ, ಸೊಸೆ ಎದುರಿಗೆ ಕೂತಿರುವಾಗ ಇದನ್ನು ಕೇಳಬೇಡಿ. ನೀರು ಕೇಳಿ, ಅವರು ಒಳಗೆ ಹೋಗಲಿ.

7. ಓದಿದವರ ಮೇಲೆ ಪ್ರಯೋಗ ಮಾಡಬೇಡಿ.

ಮೊದಮೊದಲು ಹೊಸ ಪ್ರಶ್ನಾವಳಿಯನ್ನು ಬ್ಯಾಂಕಿನಿಂದ ರಿಟೈರಾದ ಚಿಕ್ಕಪ್ಪನಿಗೆ ಕೊಡುತ್ತಿದ್ದೆ. ಅವರು ಕಾಗುಣಿತ ತಿದ್ದಿ, ಎಲ್ಲದಕ್ಕೂ ಅಚ್ಚುಕಟ್ಟಾಗಿ ಉತ್ತರ ಬರೆದು ವಾಪಸು ಕೊಡುತ್ತಿದ್ದರು. ನನ್ನ ಯಾವ ತಪ್ಪೂ ಅವರಲ್ಲಿ ಸಿಕ್ಕಿಬೀಳಲಿಲ್ಲ. ಈಗ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಕಾವಲಿರುವ ವಾಚ್‌ಮನ್ ಹತ್ತಿರ ಹೋಗುತ್ತೇನೆ. ಅರವತ್ತೇಳರ ಆಸುಪಾಸು, ದಾವಣಗೆರೆ ಕಡೆಯವರು. ಪ್ರಶ್ನೆ ಓದುತ್ತೇನೆ, ‘ನಾನು ಏನು ಕೇಳಿದೆ, ನಿಮ್ಮ ಮಾತಲ್ಲಿ ಹೇಳಿ’ ಅನ್ನುತ್ತೇನೆ. ಮೊದಲ ದಿನ ಹಳೇ ಚಟಕ್ಕೆ, ‘ರಿಟೈರ್ ಆಗೀರಾ?’ ಅಂದುಬಿಟ್ಟೆ.

‘ಎರಡು ಸಲ ಆಗೇನ್ರಿ ಸರ. ಒಂದ್ಸಲ ಮಿಲ್ ಮುಚ್ಚಿದಾಗ, ಇನ್ನೊಂದ್ಸಲ ಹೊಲ ಮಾರಿದಾಗ. ನೀವು ಯಾವುದನ್ನ ಕೇಳಾಕತ್ತೀರಿ?’